ಮಾಂಸ ಕೇಳಿದರೆ ಮಾವನನ್ನು ತಂದ ಸೊಸೆ

ತೈವಾನಿನ ಕಾವೋಸಿಯುಂಗ್ ಬಂದರಿನ ಎದುರಿಗೆ, ಹಂದಿಮಾಂಸದ ಉಂಡೆ ಹಾಕಿದ ಶಾವಿಗೆ ಸಾರಿಗೆ ಹೆಸರಾದ ಒಂದು ಸಣ್ಣ ಅಂಗಡಿ. ವಿಯೆಟ್ನಾಮಿನ ಮೆಕಾಂಗ್ ದಂಡೆಯ ಊರಿನಿಂದ ಥಾಮ್ ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತೆರಡು. ಗಂಡ ಲಾರಿ ಹತ್ತಿ ಹೋದರೆ ಬರುವುದು ಸಂಜೆಗೆ. ಹಗಲೆಲ್ಲ ಅತ್ತೆ ಸೊಸೆಯರದು ಕೈಸನ್ನೆಯ ಸಂಸಾರ.

ಮೂರನೆಯ ವಾರ ಇರಬೇಕು. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಉಂಡೆಗೆ ಮಾಂಸ ಮುಗಿದಿತ್ತು. ಅತ್ತೆ ಬೀದಿಯ ಕಡೆ ಕೈ ತೋರಿಸಿ "ಬಾ, ಬಾ" ಎಂದು ಅವಸರಪಡಿಸಿದಳು. ನಮ್ಮ ಕಿವಿಗೆ ಕರೆದಂತೆ ಕೇಳುವ ಆ ಶಬ್ದಕ್ಕೆ ಅತ್ತೆಯ ತೈವಾನೀ ಮಾತಿನಲ್ಲಿ ಮಾಂಸ ಎಂದರ್ಥ. ಥಾಮ್‌ಳ ಊರಲ್ಲಿ ಬಾ ಎಂದರೆ ಅಪ್ಪ. ಮಾವನಿಗೆ ಹೇಳಿಕಳಿಸುತ್ತಿದ್ದಾರೆ, ಏನೋ ಅನಾಹುತವಾಗಿದೆ ಎಂದುಕೊಂಡು ಅವಳು ಓಡಿದಳು. ಕ್ಷೌರದಂಗಡಿಯಲ್ಲಿ ಕೂತಿದ್ದ ಮಾವ ಆ-ಸುಯಿಯ ತೋಳು ಹಿಡಿದು ಎಬ್ಬಿಸಿಕೊಂಡೇ ಬಂದಳು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ಸೋಪಿನ ನೊರೆ.

ಅತ್ತೆ ಸೌಟು ಹಿಡಿದವಳು ಹಾಗೇ ಕುಕ್ಕರಿಸಿದಳು. "ಅಲ್ಲ ಕಣೆ, ನಾ ಕೇಳಿದ್ದು ಮಾಂಸ. ನೀನು ಮಾವನ್ನೇ ಎಳ್ಕೊಂಡ್ ಬಂದ್ಯಲ್ಲೇ."

"ಈ ಮುದಿ ಮೂಳೇಲಿ ಎಷ್ಟು ಸಿಗುತ್ತೋ ನೋಡಿ ಹಾಕ್ಕೊಳ್ಳಿ," ಎಂದ ಆ-ಸುಯಿ.

ಸಂಜೆ ಗಂಡ ನಿಘಂಟು ತಿರುವಿ, ಚಿತ್ರ ಬರೆದು ಇಬ್ಬರಿಗೂ ಬಿಡಿಸಿ ಹೇಳಿದ. ಥಾಮ್ ನಾಚಿಕೆಯಿಂದ ತಲೆಯೆತ್ತಲಿಲ್ಲ. ಆದರೆ ತನ್ನನ್ನು ಅಪ್ಪ ಎಂದುಕೊಂಡು ಓಡಿಬಂದಳೆಂದು ತಿಳಿದ ಮಾವ ಎದ್ದುಹೋಗಿ, ಪೇಟೆಯಿಂದ ಅವಳಿಗೊಂದು ಹಣ್ಣಾದ ಪಪ್ಪಾಯಿ ತಂದ. ಅವನಿಗೆ ಹೆಣ್ಣುಮಕ್ಕಳಿರಲಿಲ್ಲ. ಅಂದಿನಿಂದ ಅವಳು ಅಂಗಡಿಯ ಈ ತುದಿಯಿಂದ ಬಾ ಎಂದರೆ ಆ ತುದಿಯಿಂದ ಓ ಎನ್ನುತ್ತಿದ್ದ.

ಹಾಗೆ ಕೂಗಿದಾಗಲೆಲ್ಲ ಊಟಕ್ಕೆ ಬರುವ ಬಂದರಿನ ಥಾಯ್ ಕೂಲಿಗಳು ಮುಸಿಮುಸಿ ನಗುತ್ತಿದ್ದರು. ವರ್ಷ ಕಳೆದು, ಬಂದರಿನಲ್ಲಿ ಎಲ್ಲರೂ ಆಡುವ ಚೀನೀ ಮಾತು ನಾಲಿಗೆಗೆ ಹತ್ತಿದ ಮೇಲೆ ಥಾಮ್ ಅವರನ್ನು ಕೇಳಿಯೇಬಿಟ್ಟಳು. ತಮ್ಮ ಕಡೆ ಬಾ ಎಂದರೆ ಹುಚ್ಚ ಎಂದು ಅವರಲ್ಲೊಬ್ಬ, ಬುನ್‌ಮಿ ಎಂಬವನು, ಸಂಕೋಚದಿಂದಲೇ ಹೇಳಿದ.

ಸ್ವಲ್ಪ ದಿನಕ್ಕೆ ಅದೇ ಬುನ್‌ಮಿ ಕೈಗವಸು ಬಿಸುಟು, ಊರಿಗೆ ಹೋಗುತ್ತೇನೆಂದು ಅಂಗಡಿಯಲ್ಲಿ ಬಂದು ಕೂತ. ಹೊಸ ಮೇಸ್ತ್ರಿ ಎಲ್ಲರೆದುರು ತನ್ನನ್ನು ಹುಚ್ಚ, ಹುಚ್ಚ ಎಂದು ಬೈದನೆಂಬ ಸಂಕಟ. ಬೆನ್ನಿಗೇ ಮೇಸ್ತ್ರಿಯೂ ಬಂದ, ಕೆಲಸ ಬಿಟ್ಟು ಓಡಿದವನನ್ನು ತೆಗೆದುಹಾಕುವ ಸಿಟ್ಟಿನಲ್ಲಿ.

ಥಾಮ್ ನಡುವೆ ನಿಂತಳು. ಮೇಸ್ತ್ರಿ ಹೇಳಿದ್ದೇನೆಂದು ಕೇಳಿದರೆ, ಎಂಟು ಪೆಟ್ಟಿಗೆ ಇಳಿಸು ಎಂದಿದ್ದ. ಚೀನೀ ಮಾತಿನ ಎಂಟೂ ಬಾ ಎಂದೇ ತಾನೆ; ಕಿರುಚಾಟದಲ್ಲಿ ಬುನ್‌ಮಿಗೆ ಕೇಳಿಸಿದ್ದು ಅದೊಂದೇ.

"ಅಣ್ಣ, ಇವ್ರು ಲೆಕ್ಕ ಹೇಳಿದ್ದು, ಬೈದಿದ್ದಲ್ಲ," ಎಂದಳು ಬುನ್‌ಮಿಗೆ, ಎಂಟು ಬೆರಳು ಎತ್ತಿ ತೋರಿಸಿ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ನೀವೂ ಹಿಂಗೆ ಬೆರಳು ತೋರ್ಸಿ ಹೇಳಿ, ಯಜಮಾನ್ರೇ. ಕಿರುಚಿದ್ರೆ ಯಾವ ಭಾಷೇಲೂ ಬೈದ ಹಂಗೇ ಕೇಳ್ಸುತ್ತೆ."

ಮೇಸ್ತ್ರಿ ಎರಡು ಬಟ್ಟಲು ಸಾರು ಹೇಳಿದ. ಒಂದನ್ನು ಬುನ್‌ಮಿಯ ಮುಂದೆ ತಳ್ಳಿದ.

ಆಮೇಲೆ ಬಂದರಿನಲ್ಲಿ ಯಾರಿಗೆ ಯಾರ ಮಾತು ತಿಳಿಯದಿದ್ದರೂ ಥಾಮ್‌ಗೆ ಕರೆ ಬರತೊಡಗಿತು. ಈಗ ಸೋಮವಾರಕ್ಕೊಮ್ಮೆ ಅಂಗಡಿ ಮುಚ್ಚಿ ಆಸ್ಪತ್ರೆಯಲ್ಲಿ, ಹೊರನಾಡಿನಿಂದ ಬಂದ ಹೊಸಬರ ಪಕ್ಕ ಕೂತು ಅವರ ಮಾತು ವೈದ್ಯರಿಗೆ ತಿಳಿಸುತ್ತಾಳೆ. ಐದು ಭಾಷೆ ಅಷ್ಟಷ್ಟು ಬರುತ್ತವೆ. ಗಂಡನಿಗೆ ಮಾತ್ರ ವಿಯೆಟ್ನಾಮೀ ಇನ್ನೂ ಹತ್ತಿಲ್ಲ. ಫೋನಿನಲ್ಲಿ ಅವಳ ತಾಯಿ ಏನು ಕೇಳಿದರೂ "ಊಟ ಆಯ್ತಮ್ಮ" ಎನ್ನುತ್ತಾನೆ. ಆ ಮುದುಕಿಗೂ ಅಷ್ಟೇ ಸಾಕು.