ಚಿಂತಾಮಣಿಗೆ ನಿದ್ದೆ ಬಂದ ದಿನ

ಲಿಫ್ಟ್ ರಿಪೇರಿ ಮಾಡುವ ಅವನಿಗೆ ಜೊತೆ ಕೆಲಸದವರು ಇಟ್ಟ ಹೆಸರು ಚಿಂತಾಮಣಿ. ಬಿಗಿ ಮಾಡಿದ ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡದೆ ಅವನು ಕೆಳಗಿಳಿದವನಲ್ಲ. ಎರಡು ಬೀದಿ ದಾಟಿದ ಮೇಲೂ, ಬಾಗಿಲಿನ ಲಾಕ್ ಸರಿಯಾಗಿ ಕೂತಿತ್ತೋ ಇಲ್ಲವೋ ಎಂದು ವಾಪಸು ಹೋದದ್ದುಂಟು. ಇಪ್ಪತ್ತಾರು ವರ್ಷದಲ್ಲಿ ಅವನು ಮುಟ್ಟಿದ ಒಂದು ಲಿಫ್ಟೂ ಯಾರಿಗೂ ಕೇಡು ಮಾಡಿರಲಿಲ್ಲ. ಹಾಗಾಗಿ ಚಿಂತೆ ಎಂದರೆ ಜವಾಬ್ದಾರಿ, ನಿಶ್ಚಿಂತೆ ಎಂದರೆ ಸೋಮಾರಿತನ ಎಂದೇ ಅವನು ನಂಬಿದ್ದ.

ಹೆಂಡತಿಯ ಸ್ವಭಾವವೇ ಬೇರೆ. ಚರ್ಚಿನ ಗಾಯನ ತಂಡದಲ್ಲಿ ಎಲ್ಲರಿಗಿಂತ ಮೇಲೇರುವ ದನಿ ಅವಳದು. ಅವಳ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ತೆಗೆಯಲೇಬೇಕು, ದನಿಯ ನರ ಪಕ್ಕದಲ್ಲೇ ಇದೆ, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಅಂದಿನಿಂದ ಅವನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಅವಳು ಮಾತ್ರ ದಿಂಬಿಗೆ ತಲೆ ಕೊಟ್ಟರೆ ಸಾಕು, ನಿದ್ದೆ.

"ಅದು ಹೇಗೆ ಕಣೇ ನಿದ್ದೆ ಬರುತ್ತೆ ನಿಂಗೆ?"

"ದೇವರು ಎದ್ದಿರ್ತಾನೆ. ನೀವೂ ಎದ್ದಿರ್ತೀರಿ. ಕಾವಲಿಗೆ ಮೂರನೆಯವರು ಯಾಕ್ರೀ?"

ಆಪರೇಷನ್ನಿನ ದಿನ ಹತ್ತು ಗಂಟೆಗೆ ಅವಳನ್ನು ಒಳಗೆ ಕರೆದೊಯ್ದರು. ಅವನು ವರಾಂಡವನ್ನು ಅಳೆಯತೊಡಗಿದ. ಆಸ್ಪತ್ರೆಯ ಲಿಫ್ಟ್ ನಿಲ್ಲುವಾಗ ಕಿರ್ರೆನ್ನುತ್ತಿತ್ತು. ತಡೆಯಲಾರದೆ ಲಿಫ್ಟಿನವನನ್ನು ಕೇಳಿಯೇಬಿಟ್ಟ: "ಇದಕ್ಕೆ ಎಣ್ಣೆ ಹಾಕಿ ಎಷ್ಟು ದಿನ ಆಯ್ತು?"

"ಹೋದ ವಾರ ಹಾಕಿದ್ದಾರೆ ಸಾರ್. ನೀವು ಸ್ವಲ್ಪ ಕೂತ್ಕೊಳ್ಳಿ, ನಿಮ್ಮನ್ನ ನೋಡಿದ್ರೆ ನಂಗೇ ಎದೆ ಹೊಡ್ಕೊಳ್ಳುತ್ತೆ."

ಅವನು ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದ. ಡಾಕ್ಟರ ಕೈ ನಡುಗದಿರಲಿ. ಕರೆಂಟು ಹೋಗದಿರಲಿ. ಹೋದರೂ ಜನರೇಟರ್ ತಕ್ಷಣ ಹತ್ತಲಿ. ಅರಿವಳಿಕೆ ಕೊಡುವವರು ಅವಳ ತೂಕ ಸರಿಯಾಗಿ ನೋಡಿರಲಿ. ಹೀಗೆ ಹೇಳುತ್ತ ಹೋದವನು ಇದ್ದಕ್ಕಿದ್ದಂತೆ ಪ್ರಾರ್ಥನೆ ನಿಲ್ಲಿಸಿದ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತಾನು ಒಂದೊಂದಾಗಿ ಹೇಳಿಕೊಡುವ ಧಾಟಿಯೇ ಇದು! ಎರಡು ವಾರದಿಂದ ದೇವರಿಗೇ ಮೇಸ್ತ್ರಿಯಾಗಿ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು, ಸಣ್ಣಗೆ ನಗುವೂ ಬಂತು. ನಗುವಿನ ಬೆನ್ನಿಗೇ ಕಣ್ಣು ತುಂಬಿತು.

"ತಂದೆಯೇ, ನನ್ನ ಕೈಲಾಗಲ್ಲ," ಎಂದ ಮೆಲ್ಲಗೆ. "ನನಗಿಂತ ಮೊದಲೇ ಅವಳು ನಿನ್ನವಳು. ನೀನೇ ನೋಡ್ಕೋ."

ಎಷ್ಟೋ ದಿನದಿಂದ ಬಿಗಿದಿದ್ದ ಹೆಗಲು ತಾನಾಗಿ ಸಡಿಲಾಯಿತು. ಗೋಡೆಗೆ ತಲೆಯಾನಿಸಿದ.

ನರ್ಸಮ್ಮ ಭುಜ ತಟ್ಟಿ ಎಬ್ಬಿಸಿದಾಗ ಎರಡು ತಾಸು ಕಳೆದಿತ್ತು. "ಚೆನ್ನಾಗಿದ್ದಾರೆ ನಿಮ್ಮನೆಯವರು. ಏನು ಗೊರಕೆ ಸಾರ್ ನಿಮ್ದು! ಈ ಬೆಂಚಲ್ಲಿ ನಿದ್ದೆ ಮಾಡಿದವರನ್ನ ನಾನು ನೋಡೇ ಇರಲಿಲ್ಲ."

ಗಂಟು ಅಪಾಯದ್ದಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಅವಳ ಏರುದನಿ ಮರಳಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಹಾಡಲು ಹೋಗಿ ದನಿ ಒಡೆದು ಅತ್ತಳು. ಅವನು ಒಲೆ ಆರಿಸಿ, ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡ. ಇಬ್ಬರೂ ಸೇರಿ ಪ್ರಾರ್ಥಿಸಿದರು. ಎರಡು ತಿಂಗಳ ಮೇಲೆ ಅವಳು ತಂಡದ ಹಿಂದಿನ ಸಾಲಿನಲ್ಲಿ, ತಗ್ಗು ದನಿಯವರ ಜೊತೆ ನಿಂತು ಹಾಡಿದಳು. ಅಷ್ಟು ಜನರ ನಡುವೆ ಅವಳ ದನಿ ಯಾವುದೆಂದು ಅವನಿಗೆ ಥಟ್ಟನೆ ಗೊತ್ತಾಯಿತು.