ಅವ್ವನ ಮಂಚದ ಅಳತೆ

ಕಳೆದ ವರ್ಷದ ನನ್ನ ಎಷ್ಟೋ ಭಾನುವಾರಗಳು ಹುಬ್ಬಳ್ಳಿಯಲ್ಲಿ ಹಳೇ ಕಾರು ಮಾರುವವರ ಅಂಗಳದಲ್ಲೇ ಮುಗಿದವು. ವಾರವಿಡೀ ಕಲಘಟಗಿಯ ಶಾಲೆಯಲ್ಲಿ ಮಕ್ಕಳೊಂದಿಗೆ ಗಂಟಲು ಹರಿದುಕೊಂಡು, ರಜೆಯ ದಿನವೂ ಅಪ್ಪನ ಹಿಂದೆ ಬಿಸಿಲಿನಲ್ಲಿ ನಿಲ್ಲುವುದು ನನಗೆ ಸಾಕುಸಾಕಾಗಿತ್ತು.

ಗಾಡಿ ಬೇಕಾಗಿದ್ದು ಅವ್ವನಿಗೆ. ಅವಳ ಎರಡೂ ಮೊಣಕಾಲು ಸೋತಿವೆ. ದೇವಿಕೊಪ್ಪದ ನಮ್ಮ ಮನೆಯಲ್ಲಿ ಅವಳ ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದೇನೆ. ಅಲ್ಲಿ ಮಾತ್ರ ತಾನೇ ಕೂತು ತಾನೇ ಏಳುತ್ತಾಳೆ. ಒಮ್ಮೆ ದವಾಖಾನೆಗೆ ಹೊರಟಾಗ ಬಸ್ಸಿನ ಮೆಟ್ಟಿಲು ಹತ್ತಲಾಗದೆ ನಿಂತವಳನ್ನು ಇಬ್ಬರು ಗಂಡಸರು ರಟ್ಟೆ ಹಿಡಿದು ಎತ್ತಿ ಒಳಗೆ ಕೂರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅವ್ವ ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ಜ್ವಾಳದ ಚೀಲ ಎತ್ತಿಧಂಗ ಎತ್ತಿದ್ರು. ಇನ್ನ ನಾನಾಗೇ ಹತ್ತಿ ಇಳಿಯೂಹಂಗಿದ್ರ ಬರ್ತೀನಿ, ಇಲ್ಲಾಂದ್ರ ಇಲ್ಲ."

ಅಂದಂತೆಯೇ ಹೊಸ್ತಿಲು ದಾಟಲಿಲ್ಲ. ಅಷ್ಟರಲ್ಲಿ ದುಮ್ಮವಾಡದಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಳು. ಫೋನಿನಲ್ಲಿ ಇಬ್ಬರೂ ಮಾತಾಡುವುದಕ್ಕಿಂತ ಸುಮ್ಮನಿರುವುದೇ ಹೆಚ್ಚಾಯಿತು. ಅಕ್ಕನನ್ನು ಒಮ್ಮೆ ಕಣ್ಣಾರೆ ನೋಡಬೇಕು, ಅದೊಂದೇ ಅವ್ವನ ಆಸೆ.

ಅಪ್ಪ ಒಂದು ಬಿದಿರಿನ ಕೋಲು ತಂದು, ಮಂಚದ ಬಾಜು ನಿಲ್ಲಿಸಿ, ಹಾಸಿಗೆಯ ಮಟ್ಟಕ್ಕೆ ಕುಡಗೋಲಿನಿಂದ ಕಚ್ಚು ಹಾಕಿದ. ಗಾಡಿಯ ಸೀಟು ಆ ಕಚ್ಚಿಗೆ ಸರಿಯಾಗಿ ಬರಬೇಕು. ಮೇಲಾದರೆ ಅವ್ವ ಹತ್ತಲಾರಳು, ಕೆಳಗಾದರೆ ಏಳಲಾರಳು. ಟೇಪು ಒಯ್ಯೋಣ ಅಂದೆ. ಅಪ್ಪನಿಗೆ ಟೇಪಿನ ಮೇಲೆ ನಂಬಿಕೆಯಿಲ್ಲ.

ಅಂದಿನಿಂದ ಆ ಕೋಲು ಅಪ್ಪನ ಕೈ ಬಿಡಲಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಹೊಲಕ್ಕೆ ಹೋಗುವಾಗ ಕೂಡ. "ಯಾವ ಗಾಡಿ ಎಲ್ಲಿ ಸಿಗ್ತದೋ, ಕೈಯಾಗಿರ್ಲಿ" ಅನ್ನುತ್ತಿದ್ದ. ಹೊಲದಲ್ಲಿ ಯಾರು ಇವನಿಗೆ ಕಾರು ಮಾರುತ್ತಾರೋ ಎಂದು ನಾನು ಒಳಗೊಳಗೇ ಉರಿದುಕೊಳ್ಳುತ್ತಿದ್ದೆ.

ಸಣ್ಣ ಕಾರುಗಳೆಲ್ಲ ಕಚ್ಚಿಗಿಂತ ಗೇಣು ತಗ್ಗು. ಜೀಪುಗಳು ಗೇಣು ಎತ್ತರ. "ಹಂಗಾರ ನಿಮಗ ಕ್ರಾಸೋವರ್ ಬೇಕ್ರಿ, ನಡುವಿಂದು" ಅಂದ ಒಬ್ಬ ಮಾರಾಟಗಾರ, ಒಂದು ಬಿಳಿ ಗಾಡಿಯ ಬಾಗಿಲು ತೆಗೆದ. ಎಂಜಿನ್ನು ಚೆನ್ನಾಗಿತ್ತು, ಟೈರು ಚೆನ್ನಾಗಿದ್ದವು. ಅಪ್ಪ ಕೋಲು ನಿಲ್ಲಿಸಿದ. ಸೀಟು ಎರಡು ಬೆರಳು ಮೇಲೆ.

"ಒಲ್ಲೆವು."

"ಅಜ್ಜಾರ, ಗಾಡಿ ತಗೊಳ್ಳಾಕ ಬಂದೀರೋ, ಹೊಲ ಅಳೆಯಾಕ ಬಂದೀರೋ?"

ಅಪ್ಪ ಕೋಲು ಊರಿಕೊಂಡು ಅಂಗಳದ ಹೊರಕ್ಕೆ ನಡೆದ. ಊರಿಗೆ ವಾಪಸು ಬರುವ ಬಸ್ಸಿನಲ್ಲಿ ನಾನು ಅಪ್ಪನನ್ನು ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತೆ. ಎರಡು ಬೆರಳಿಗೆ ಇನ್ನೆಷ್ಟು ಭಾನುವಾರ ಸುಡಬೇಕು ಅನ್ನಿಸಿ ಅಳುವೇ ಬಂದಿತ್ತು.

ಕಡೆಗೊಮ್ಮೆ ಬೂದು ಬಣ್ಣದ ಗಾಡಿಯೊಂದು ಕೋಲಿನ ಕಚ್ಚಿಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಹೊಂದಿತು. ಬಾಗಿಲಿಗೆ ಗೀರು ಬಿದ್ದಿತ್ತು, ಬಿಳಿಯದಕ್ಕಿಂತ ಹಳೆಯದು. ಅಪ್ಪ ಹೂಂ ಅಂದ. ನಾನು ಎರಡನೇ ಮಾತಾಡದೆ ಕೊಂಡುಬಿಟ್ಟೆ.

ಅವ್ವ ಯಾರ ಕೈಯನ್ನೂ ಹಿಡಿಯದೆ ಹಿಂದಿನ ಸೀಟಿನಲ್ಲಿ ಕೂತಳು. ಅಪ್ಪ ಮುಂದೆ. ನಾನೇ ಓಡಿಸಿದೆ. ದುಮ್ಮವಾಡ ಮುಟ್ಟಿ ಬಾಗಿಲು ತೆಗೆದಾಗ ಮಾತ್ರ ಅವ್ವನಿಗೆ ಏಳಲಾಗಲಿಲ್ಲ. ಸೀಟು ತಗ್ಗಾಗಿತ್ತು. ಎರಡು ಸಲ ಮುಂದಕ್ಕೆ ಬಾಗಿ ಮತ್ತೆ ಹಿಂದಕ್ಕೆ ಕುಸಿದಳು. ದೊಡ್ಡವ್ವನ ಗಂಡುಮಕ್ಕಳು ಎತ್ತಲು ಓಡಿ ಬಂದರು.

"ಮುಟ್ಟಬ್ಯಾಡ್ರಿ" ಅಂದಳು ಅವ್ವ.

ಆಗ ಅಪ್ಪ ಕೋಲನ್ನು ಅವಳ ಮುಂದೆ ಊರಿ ಕೊಟ್ಟ. ಅವ್ವ ಎರಡೂ ಕೈಯಿಂದ ಅದನ್ನು ಹಿಡಿದು, ಹಲ್ಲು ಕಚ್ಚಿ ಎದ್ದಳು. ಎಲ್ಲರೂ ಅವಳನ್ನು ನೋಡುತ್ತಿದ್ದರು. ನಾನು ಅಪ್ಪನನ್ನು ನೋಡಿದೆ. ಕೋಲು ಕೊಟ್ಟವನು ಎರಡೂ ಕೈಯಿಂದ ಗಾಡಿಯ ಬಾಗಿಲು ಹಿಡಿದುಕೊಂಡಿದ್ದ. ಧೋತರದೊಳಗೆ ಅವನ ಕಾಲುಗಳು ಗಡಗಡ ನಡುಗುತ್ತಿದ್ದವು.

ಅಕ್ಕತಂಗಿಯರನ್ನು ಒಳಗೆ ಬಿಟ್ಟು ಬಂದು ಕೇಳಿದೆ.

"ಅಪ್ಪಾ, ಕೋಲಿನ ತಳ ಕೊಯ್ದಿಯೇನು?"

"ಊರಿ ಊರಿ ಸೀಳಿತ್ತು. ಎರಡು ಸಲ ಹೆರದೆ, ಅಷ್ಟ."

"ಅದು ಅವ್ವನ ಅಳತಿ ಅಲ್ಲೇನು?"

ಅಪ್ಪ ಕೋಲಿನ ತಳವನ್ನು ತಿರುಗಿಸಿ ನೋಡಿದ. ಅದು ಅವನಿಗೆ ಆಗಷ್ಟೇ ಹೊಳೆದದ್ದು. ಕೋಲು ಹಿಡಿದು ನಡೆಯುವ ವಯಸ್ಸಾಯಿತೆಂದು ಒಪ್ಪಿಕೊಳ್ಳದೆ, ಹೆಂಡತಿಯ ಅಳತೆಯ ಮೇಲೆ ಭಾರ ಹಾಕಿ ಇಷ್ಟು ದಿನ ಓಡಾಡಿದ್ದ. ಕೋಲು ಎರಡು ಬೆರಳು ಗಿಡ್ಡವಾಗಿತ್ತು; ಆ ಬಿಳಿ ಗಾಡಿಯೇ ಸರಿ ಇತ್ತು. ಬೈಯಬೇಕೆಂದುಕೊಂಡೆ; ಬೈಯಲು ಬೇಕಾದ ಕಸುವೂ ನನ್ನಲ್ಲಿ ಉಳಿದಿರಲಿಲ್ಲ.

ವಾಪಸು ಹೊರಡುವಾಗ ದೊಡ್ಡವ್ವನ ಮನೆಯ ಕೌದಿಯೊಂದನ್ನು ಮಡಚಿ ಸೀಟಿನ ಮೇಲೆ ಹಾಸಿದೆವು. ಅವ್ವನಿಗೆ ಈಗ ಅಷ್ಟು ಸಾಕು. ತಿಂಗಳಿಗೊಮ್ಮೆ ದುಮ್ಮವಾಡಕ್ಕೆ ಹೋಗಿ ಬರುತ್ತಾಳೆ.

ಅಂದು ಸಂಜೆ ಊರು ಮುಟ್ಟಿದ ಮೇಲೆ ಹಿತ್ತಿಲಿನಿಂದ ಇನ್ನಷ್ಟು ಇಟ್ಟಿಗೆ ತಂದೆ. ಅಪ್ಪನ ಮಂಚದ ಕಾಲುಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ಇಟ್ಟಿಗೆ ಕೊಟ್ಟೆ. ಅಪ್ಪ ನೋಡುತ್ತ ನಿಂತಿದ್ದ. ಬೇಡ ಅನ್ನಲಿಲ್ಲ.