ಕಲ್ಯಾಣದುರ್ಗದ ಹದಿನಾಲ್ಕು ಖಾಲಿ ಸಾಲುಗಳು

೧೯೯೨ರಲ್ಲಿ ನಾನು ಆಂಧ್ರದ ಹಿಂದೂಪುರದ ಒಂದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಕಂಪ್ಯೂಟರ್ ಸಹಾಯಕ. ಅಲ್ಲಿದ್ದ ಒಂದೇ ಕಂಪ್ಯೂಟರನ್ನು ಆನ್ ಮಾಡಲು ನನಗೊಬ್ಬನಿಗೇ ಬರುತ್ತಿತ್ತು. ಸರಿಯಾಗಿ ಆಫ್ ಮಾಡಲು ನನಗೂ ಬಾರದೆಂಬುದು ಯಾರಿಗೂ ಗೊತ್ತಿರಲಿಲ್ಲ.

ಆ ಚಳಿಗಾಲ ಕಲ್ಯಾಣದುರ್ಗದ ಕಡೆ ನಲವತ್ತು ಮನೆಗಳಿಗೆ ಹೊಸ ತಳಿಯ ಹುಳ ಕೊಟ್ಟಿದ್ದೆವು. ಸೊಪ್ಪು, ಸೆಕೆ, ಮೊಟ್ಟೆಯ ಲೆಕ್ಕ ಹಾಕಿ, ಯಾರಿಗೆ ಎಷ್ಟು ಕಿಲೋ ಗೂಡು ಬರುತ್ತದೆಂದು ಸಾಫ್ಟ್‌ವೇರ್ ಮೊದಲೇ ಅಂದಾಜು ಹೇಳಿತ್ತು. ಅದನ್ನು ನಿಜವಾದ ತೂಕದೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ತಾಳೆಯಾದರೆ ಬೇಸಿಗೆಗೆ ಆ ಸೀಮೆಗೆಲ್ಲ ಅದೇ ತಳಿ ಕೊಡುವುದೆಂದು ನಮ್ಮ ಆಫೀಸರ್ ರಾಮಲಿಂಗಪ್ಪನವರ ಯೋಚನೆ.

ತೂಕ ಸಿಗುತ್ತಿದ್ದದ್ದು ಹಿಂದೂಪುರದ ಗೂಡಿನ ಮಾರುಕಟ್ಟೆಯ ಚೀಟಿಗಳಿಂದ. ಹದಿನಾಲ್ಕು ಮನೆಗಳ ಚೀಟಿಯೇ ಇರಲಿಲ್ಲ. ‘ಮಿಸ್ಸಿಂಗ್ ವ್ಯಾಲ್ಯೂ’ ಎಂದು, ಅಂದರೆ ಅಂಕಿ ಇರಬೇಕಾದಲ್ಲಿ ಏನೂ ಇಲ್ಲವೆಂದು, ಸಾಫ್ಟ್‌ವೇರ್ ಮೊಂಡು ಹಿಡಿಯಿತು. ಅಂಥ ಸಾಲುಗಳನ್ನು ಬಿಟ್ಟು ಲೆಕ್ಕ ಹಾಕುವ ಆಜ್ಞೆಯೊಂದು ಕೈಪಿಡಿಯಲ್ಲಿ ಸಿಕ್ಕಿತು. ಕೊಟ್ಟೆ. ಉಳಿದ ಇಪ್ಪತ್ತಾರರಲ್ಲಿ ಅಂದಾಜೂ ತೂಕವೂ ಅವಳಿಗಳಂತೆ ಹೊಂದಿದವು. ಕಾಲರ್ ಎತ್ತಿಕೊಂಡು ಪ್ರಿಂಟೌಟ್ ಒಯ್ದೆ.

“ಇನ್ನ ಹದ್ನಾಲ್ಕು ಮನೆ ಎಲ್ಲಿಗೋದ್ವಪ್ಪಾ?” ಎಂದರು ಸಾಹೇಬರು.

“ಸಾಫ್ಟ್‌ವೇರು ಬಿಟ್ಬುಡ್ತು ಸಾರ್.”

“ನಾನು ಬಿಡಲ್ಲ. ನಾಳೆ ಬಸ್ ಹತ್ತು.”

ಮೊದಲು ಸಿಕ್ಕಿದ್ದು ಗಂಗಮ್ಮನ ಮನೆ. ತಗಡಿನ ಸೂರು, ಒಳಗೆ ಹುಳ ಸಾಕುವ ಖಾಲಿ ತಟ್ಟೆಗಳು. ಹುಳ ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ.

“ನಾಲ್ಕ್ನೇ ಜ್ವರದಾಗೇ ಎಲ್ಲಾ ಮಲ್ಗ್‌ಬುಟ್ವು ಕಣಪ್ಪ, ಗುಂಡಿಗೆ ಸುರ್ದೆ. ಗೂಡೇ ಇಲ್ದೆ ನಿಮ್ಮೂರಿಗೆ ಬಂದು ಏನು ತೂಗ್ಲಿ, ನನ್ನೇ ತೂಗ್ಲಾ? ಬೇಸ್ಗೇಗೂ ಇದೇ ಹುಳ ಕೊಟ್ರೆ ನಾನು ಸಾಕೋದೇ ಬಿಟ್‌ಬಿಡ್ತೀನಿ,” ಎಂದರು ಗಂಗಮ್ಮ.

ನನ್ನ ಇಪ್ಪತ್ತಾರು ಅವಳಿಗಳ ಗುಟ್ಟು ಆಗ ಹೊಳೆಯಿತು: ಬೆಳೆ ಕೆಟ್ಟವರು ಮಾರುಕಟ್ಟೆಗೇ ಬಂದಿರಲಿಲ್ಲ. ಮಹಾ ಸಂಶೋಧನೆ ಮಾಡಿದವನಂತೆ, ಅವರ ಜಗುಲಿಯ ಮೇಲೇ ಕೂತು ಹದಿನಾಲ್ಕೂ ಸಾಲಿಗೆ ಸೊನ್ನೆ ಸುತ್ತಿದೆ.

ಪಕ್ಕದ ಮನೆಯ ವೀರಭದ್ರಪ್ಪ ನನ್ನ ಕಾಗದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಏಮಯ್ಯಾ, ನಂಗೆ ಸೊನ್ನೆನಾ? ನೂರು ಚಿಟ್ಟೆ ಇಟ್ಟ ಮೊಟ್ಟೆಗೆ ಎಪ್ಪತ್ತು ಕಿಲೋ ಬೆಳ್ದೀನಿ ಕಣ್ಲಾ! ಕೊಡಿಕೊಂಡ ಚೆಕ್‌ಪೋಸ್ಟು ದಾಟ್ಸಿ ಕರ್ನಾಟಕದಾಗೆ ಮಾರ್ಬುಟ್ಟೆ.”

ಸೊನ್ನೆಗಳನ್ನೆಲ್ಲ ಹೊಡೆದು ಹಾಕಿ, ಎರಡು ದಿನ ಮನೆಮನೆ ಸುತ್ತಿದೆ. ಮೂವರು ಗಡಿಯಾಚೆ ಮಾರಿದ್ದರು. ಒಂಬತ್ತು ಮನೆಗಳಲ್ಲಿ ಬೆಳೆಯೇ ಹೋಗಿತ್ತು. ಒಂಬತ್ತಕ್ಕೂ ಹಗಲಿಗೆ ಒಲೆಯಂತೆ ಕಾಯುವ ತಗಡಿನ ಸೂರು. ಸೂರು ಎಂಥದೆಂದು ನಾವು ಸಾಫ್ಟ್‌ವೇರಿಗೆ ಹೇಳಿರಲೇ ಇಲ್ಲ. ಇನ್ನೆರಡು ಮನೆಗಳಿಗೆ ಬೀಗ.

ಹೊಸ ವರದಿಯನ್ನು ರಾಮಲಿಂಗಪ್ಪನವರು ನಿಧಾನವಾಗಿ ಓದಿದರು. “ಈ ಎರಡು ಯಾಕೆ ಖಾಲಿ?”

“ಗೊತ್ತಿಲ್ಲ ಸಾರ್. ಗೊತ್ತಿಲ್ಲ ಅಂತ್ಲೇ ಬರ್ದಿದ್ದೀನಿ.”

“ಈಗ ನಂಬ್ತೀನಿ,” ಎಂದವರೇ, ತಗಡಿನ ಮನೆಗಳಿಗೆ ಬೇಸಿಗೆಯಲ್ಲಿ ಹಳೆಯ ತಳಿಯನ್ನೇ ಕೊಡುವ ಆದೇಶಕ್ಕೆ ಸಹಿ ಹಾಕಿದರು.

ಅಂದಿನಿಂದ ಯಾರಾದರೂ ‘ಅಂದಾಜು ಸರಿಬಂತು’ ಎಂದರೆ, ಎಷ್ಟು ಜನರನ್ನು ಬಿಟ್ಟು ಸರಿಬಂತು ಎಂದು ಕೇಳುತ್ತೇನೆ.